ಮೈನಸ್ ಐದೂವರೆ

ಮೆಬ್ರಾಹ್ತು ಅಂಗಡಿಯ ಗಾಜಿನ ಕಪಾಟಿನಲ್ಲಿ
ಹನ್ನೊಂದು ತಂಪು ಕನ್ನಡಕ. ಮೂರರ ಮೇಲೆ ಧೂಳು.
"ಸೈಕಲ್ಲಿಗೆ ಬೇಕು" ಎಂದೆ.
ನನ್ನ ನಂಬರಿನ ಚೀಟಿ ನೋಡಿ ನಕ್ಕ,
ಹಲ್ಲು ಕೀಳುವ ಮೊದಲು ಡಾಕ್ಟರು ನಗುವ ಹಾಗೆ.

ಬೊಲೊನ್ಯಾದ ನಾದಿನಿ ಕಳಿಸಿದ್ದಳಲ್ಲ ಒಂದು,
ಈ ಕಿವಿಯಿಂದ ಆ ಕಿವಿಗೆ ಬಾಗಿದ್ದು,
ಹಾಕಿಕೊಂಡರೆ ನಾನೂ ಯಾವುದೋ ದೊಡ್ಡ ಜಾತಿಯ ನೊಣ.
"ಈ ಬಾಗಿಗೂ ನಿನ್ನ ಮೈನಸ್ ಐದೂವರೆಗೂ
ಕೂಡಿಬರುವುದಿಲ್ಲ" ಎಂದ. "ನಡುವೆ ಎಲ್ಲ ಸರಿ,
ಅಂಚಿಗೆ ಹೋದರೆ ರಸ್ತೆ
ಕಾವಲಿಯ ಮೇಲಿನ ಇಂಜೆರಾದಂತೆ ಎದ್ದುಬರುತ್ತದೆ."

ಹಾಗಾದರೆ ಒಳಗಡೆ ಪುಟ್ಟ ಗಾಜು ಸಿಕ್ಕಿಸೋಣ.
ಸಿಕ್ಕಿಸಿದ. ರೆಪ್ಪೆ ತಾಗಿತು.
ಏರಿನಲ್ಲಿ ಬೆವರಿನ ಹಬೆ ಎರಡು ಗಾಜಿನ ನಡುವೆ ಹೊಕ್ಕು
ಬಾಡಿಗೆ ಕೊಡದ ನೆಂಟನಂತೆ ಕೂರುತ್ತದೆ, ಬೇಡ.

ಬಿಸಿಲಿಗೆ ಕಪ್ಪಾಗಿ ನೆರಳಿಗೆ ತಿಳಿಯಾಗುವುದೂ ಇತ್ತು.
"ತಿಳಿಯಾಗಲು ಎಷ್ಟು ಹೊತ್ತು?"
"ಎರಡು ನಿಮಿಷ."
ಅರ್ಬರೊಬಾ ತಿರುವಿನಲ್ಲಿ ಬಿಸಿಲು ಮುಗಿದು ಮೋಡದೊಳಗೆ ಇಳಿಯಲು
ನಾಲ್ಕು ಉಸಿರು ಸಾಕು.
ಗಂಡನಾಗಿದ್ದರೆ ಈ ನಿಧಾನ ಸಹಿಸುತ್ತಿದ್ದೆ.

ಕೊನೆಗೆ ಬಣ್ಣದ ವಿಚಾರ.
ಮೆಬ್ರಾಹ್ತು ಹೊರಗೆ ಬಂದು, ಖರ್ಜೂರದ ಮರದ ನೆರಳಿಗೆ
ಒಂದು ಹಿಡಿ ಜಲ್ಲಿ ಎಸೆದು, "ಎಣಿಸು" ಎಂದ.
ಬೂದು ಗಾಜಿನಲ್ಲಿ ಆರು.
ಹಸಿರಿನಲ್ಲಿ ಆರು, ಅಥವಾ ಏಳು.
ಕಂದಿನಲ್ಲಿ ಒಂಬತ್ತು.
"ಇರುವುದೆಷ್ಟು?"
"ನಾನೆಲ್ಲಿ ಎಣಿಸಿದೆ?"
ಪಕ್ಕದ ಕಾಫಿಯಂಗಡಿಯ ಕುರ್ಚಿಯಿಂದ ಗೊಯ್ತೊಮ್ ಅಜ್ಜ,
ಮೀಸೆಯ ನೊರೆ ಒರೆಸದೆಯೇ:
"ಕಂದಿನಲ್ಲಿ ನೀನು ನಿಮ್ಮತ್ತೆಯಂತೆ ಕಾಣುತ್ತೀ."

ಕಂದನ್ನೇ ತೆಗೆದುಕೊಂಡೆ. ಅಗಲದ್ದು, ಅಷ್ಟೇನೂ ಬಾಗದ್ದು,
ಅಂಚಿನಲ್ಲಿ ಬಾಟಲಿಯ ತಳದಷ್ಟು ದಪ್ಪ.
ಅಂಚೆ ಕಚೇರಿಯ ಮೂರನೇ ಕಿಟಕಿಯ ಹಿಂದೆ
ಅರ್ಧ ತಿಂಗಳು ಕೂತದ್ದು ಅದಕ್ಕೇ ಹೋಯಿತು.

ಶನಿವಾರ ಇಳಿದೆವು.
ಇಪ್ಪತ್ತೆರಡು ವರ್ಷ ಇಳಿದ ರಸ್ತೆ, ನಾನು ನೋಡಿರಲಿಲ್ಲ.
ಮಾಮೂಲಿ ಕನ್ನಡಕ ಬೆವರಿಗೆ ಜಾರುತ್ತದೆಂದು
ಅಂಗಿಯ ಹಿಂಜೇಬಿಗೆ ತುರುಕಿ,
ನೀರಾಡುವ ಕಣ್ಣಿನಲ್ಲಿ ನೋಡಿದ್ದೆಲ್ಲ ಜೆರಾಯ್‌ನ ಬೆನ್ನು:
ಒಂದು ಕೆಂಪು ಮಸುಕು.
ಅದು ಎಡಕ್ಕೆ ವಾಲಿದರೆ ನಾನೂ ಎಡಕ್ಕೆ.
ಅದು "ಗುಂಡಿ!" ಎಂದರೆ ಗುಂಡಿ.

ಈಗ ನೋಡಿದರೆ
ಪಾಪಸುಕಳ್ಳಿಯ ಹಣ್ಣು ಮಾರುವ ಹುಡುಗನ ಬಕೆಟ್ಟಿಗೆ ಹಿಡಿಯಿಲ್ಲ.
ತಡೆಗೋಡೆಯ ಮೇಲೆ ಕೂತ ಮಂಗ, ಹೊಟ್ಟೆಗೆ ಮರಿ,
ಮರಿಯ ಕಿವಿ ಕೂಡ ಕಂಡಿತು.
ಕೆಂಪು ಮಸುಕಿನ ಹೆಗಲಲ್ಲಿ ಹೊಲಿದ ತೇಪೆ,
ನೀಲಿ ದಾರದ್ದು.
ಅದರ ಮೇಲೆ ಕತ್ತು. ಕತ್ತಿನ ಮೇಲೆ ನರೆ.
ಯಾವಾಗ ಬಂತು ಇದೆಲ್ಲ?

"ಗುಂಡಿ!" ಎಂದ ಜೆರಾಯ್.
ನೋಡಿದೆ. ಹೊಸ ಡಾಂಬರು, ಕಳ್ಳಿಯ ನೆರಳು.
ಮತ್ತೊಂದು ತಿರುವು. "ಗುಂಡಿ, ಬಲಕ್ಕೆ!"
ಅಲ್ಲಿಯೂ ಇರಲಿಲ್ಲ.
ಮುಷ್ಟಿಗಾತ್ರದ ಕಲ್ಲೊಂದು ನಿಜವಾಗಿಯೂ ಬಿದ್ದಿದ್ದಲ್ಲಿ
ಆತ ಮಾತಾಡಲಿಲ್ಲ,
ಕೂದಲೆಳೆಯಲ್ಲಿ ಚಕ್ರ ದಾಟಿತು.

ಕಳೆದ ವರ್ಷ ಮುಚ್ಚಿದ ಗುಂಡಿಗಳು ಅವು,
ಒಂದೊಂದನ್ನೂ ಅದರದರ ಜಾಗದಲ್ಲೇ ಕೂಗುತ್ತಿದ್ದಾನೆ,
ನೆನಪಿನಿಂದ.

ಗಿಂಡಾದಲ್ಲಿ ಚಹಾ. ಲೋಟ ಎಲ್ಲಿದೆಯೆಂದು
ಅವನ ಬೆರಳು ಮೇಜನ್ನು ಒಮ್ಮೆ ಕೇಳಿಕೊಂಡಿತು.
"ಹೇಗಿದೆ ಹೊಸ ಕಣ್ಣು?"
"ಭಾರ" ಎಂದೆ. ಮೂಗು ಉಜ್ಜಿಕೊಂಡೆ.
ಮಂಗಳವಾರ ಮೆಬ್ರಾಹ್ತು ಎಷ್ಟು ಗಂಟೆಗೆ ತೆಗೆಯುತ್ತಾನೆಂದು
ಕೇಳಿಕೊಳ್ಳಬೇಕು. ಏನು ನೆಪ ಹೇಳಲಿ?
ನನ್ನ ಜೊತೆಗೆ ಬಾ, ಸ್ಕ್ರೂ ಸಡಿಲವಾಗಿದೆ ಎನ್ನಬಹುದು.

ಮತ್ತೆ ಹೊರಟೆವು. ಇಳಿದಷ್ಟೂ ಸೆಕೆ, ಮುಂದೆ ಕೆಂಪು ಬೆನ್ನು.
"ಗುಂಡಿ!"
ನುಣ್ಣನೆ ಹೊಳೆಯುವ ರಸ್ತೆಯಲ್ಲಿ
ಹ್ಯಾಂಡಲ್ಲನ್ನು ಒಂದಿಷ್ಟು ಎಡಕ್ಕೆ ತಿರುಗಿಸಿ
ಅದರ ಪಕ್ಕದಿಂದ ಹಾದೆ.
"ಕಂಡೆ!" ಎಂದು ಕೂಗಿದೆ.