ಆರಿದ ಭಟ್ಟಿ

ಮಂಡಕ್ಕಿ ಭಟ್ಟಿಗೆ ನಕ್ಷತ್ರಗಳನ್ನು ಹೋಲಿಸಬಾರದೆಂದು
ಮೊದಲೇ ನಿರ್ಧರಿಸಿದ್ದೆ.
ಸುಲಭದ ಹೋಲಿಕೆ. ಮೇಲಾಗಿ ತಪ್ಪು.
ಅಕ್ಕಿ ಅರಳುವುದು ಕಾದ ಮರಳಲ್ಲಿ;
ನಕ್ಷತ್ರ ಕೂಡಿಕೊಳ್ಳುವುದು ಅನಿಲ ತಣಿದಾಗ,
ಕಡುಚಳಿಯಲ್ಲಿ, ಸದ್ದಿಲ್ಲದೆ.

ಆದರೂ ತೋಳಹುಣಸೆಯಿಂದ ಕೊನೆಯ ಬಸ್ಸಿಗೆ ಬಂದು
ಭಟ್ಟಿ ಸಾಲಿನ ಹೊಗೆಯೊಳಗೆ ನಡೆವಾಗ
ಬ್ಯಾಗಿನಲ್ಲಿ ಆ ಚಿತ್ರವಿತ್ತು:
ಒಂದು ಮುದಿ ಗ್ಯಾಲಕ್ಸಿ, ಮೊಟ್ಟೆಯಾಕಾರ,
ತಿಕ್ಕದೆ ಬಿಟ್ಟ ಹಿತ್ತಾಳೆಯ ಬಣ್ಣ.
ಇಲ್ಲಿನ್ನು ಹುಟ್ಟಿಲ್ಲ ಎಂದು
ಪುಸ್ತಕಗಳು ಕೈತೊಳೆದುಕೊಂಡ ಜಾಗ.
ಅದರ ಅಂಚಿಗೆ, ಪೆನ್ನು ಕೊಡವಿದಂತೆ,
ನೀಲಿ.

ನೀಲಿಯೆಂದರೆ ಎಳೆಯವು. ಹಾಗೆ ಕಲಿತಿದ್ದೇವೆ.

ನಾಗಭೂಷಣ ಸರ್ ಪ್ರಕಾರ ಕದ್ದ ಮಾಲು:
ಪಕ್ಕದ ಸಣ್ಣದೊಂದನ್ನು ನುಂಗಿ
ಅದರ ತಣ್ಣನೆ ಅನಿಲ ತನ್ನ ಹೆಸರಿಗೆ ಮಾಡಿಕೊಂಡಿದೆ.
ಇರಬಹುದು. ಆದರೆ ಆ ಸಣ್ಣದರ
ಹರಿದ ಸೆರಗಾದರೂ ಕಾಣಬೇಕಲ್ಲ?
ಇಲ್ಲವೇ, ಮುದಿ ನಕ್ಷತ್ರಗಳು ಬಿಟ್ಟ ಉಸಿರೇ
ನೂರಾರು ಕೋಟಿ ವರ್ಷ ಅಲೆದು, ತಣಿದು
ಮನೆಗೆ ಮರಳಿದೆ.
ಇನ್ನೊಂದನ್ನು ಹೇಳಲು ನನಗೇ ಸಂಕೋಚ:
ಇವು ಎಳೆಯವೇ ಅಲ್ಲ,
ಹೊರಮೈ ಕಳಚಿಕೊಂಡ ಮುದುಕಿಯರು,
ಒಳಗಿನ ಬೇಗೆ ಬಯಲಾಗಿ ನೀಲಿ ಕಾಣುತ್ತಿದ್ದಾರೆ.
ಹಾಗಿದ್ದರೆ ಅಂಚಿಗೇ ಯಾಕೆ ಗುಂಪುಗೂಡಿದರು?

ಉಚ್ಚಂಗೆಮ್ಮ ಜರಡಿಯನ್ನು ಗೋಡೆಗೊರಗಿಸಿ
ಚಿತ್ರವನ್ನು ಬಲ್ಬಿಗೆ ಹಿಡಿದಳು.
ಅಬ್ಬನ ಭಟ್ಟಿಯಲ್ಲಿ ಇಪ್ಪತ್ತೆರಡು ವರ್ಷ,
ಕಣ್ಣಿಗೆ ರೆಪ್ಪೆಗೂದಲು ಉಳಿದಿಲ್ಲ.
"ಉರುಸಿನ ಮರುದಿನ ನೆನಪೈತೇನವ್ವ ಜುಲೇಖಾ?
ಒಲಿ ಆರಿಸಿ ಎರಡು ದಿನ ಆಗಿತ್ತು.
ಬಾಣಲಿಯಾಗ ನೋಡಿದ್ರ ಒಂದು ಹಿಡಿ ಅರಳ್ಯಾವ!
ನಿಮ್ಮಬ್ಬ ಅಂದ್ರು, ಪಕ್ಕದ ಭಟ್ಟಿಯಿಂದ ಹಾರಿ ಬಂದಾವು.
ಬುಡ್ಡೇಸಾಬ ಅಂದ, ಹಳೇವು, ಇಲಿ ಎಳದಾವು.
ನಾ ಏನೂ ಅನ್ನಲಿಲ್ಲ.
ಮರಳಾಗ ಕೈ ಇಟ್ಟೆ."

ಆಮೇಲೆ?

ಅಂಗೈ ತೋರಿಸಿದಳು.
ಮಾಸಿದ ಹತ್ತು ಗಾಯಗಳ ನಡುವೆ
ಹೊಸದೊಂದು, ಗುಲಾಬಿ.

ನನ್ನ ಮರಳು ಮೂವತ್ತು ಕೋಟಿ ಬೆಳಕಿನ ವರ್ಷ ದೂರ.
ರಾತ್ರಿ ನೋಟ್‌ಬುಕ್ಕಿನಲ್ಲಿ ಮೂರರ ಕೆಳಗೆ
ನಾಲ್ಕು ಎಂದು ಬರೆದು
ಮುಂದೆ ಏನೂ ತೋಚದೆ ಮಾಳಿಗೆ ಹತ್ತಿದೆ.
ಕೆಳಗೆ ಅವಳು ಒಲೆಗೆ ಹೊಟ್ಟು ಸುರಿದಳು.
ಹೊಗೆ ಎದ್ದು, ನಮ್ಮ ಓಣಿಯ ಪಾಲಿಗಿದ್ದ
ನಾಲ್ಕೈದು ನಕ್ಷತ್ರಗಳೂ ಹೋದವು.