ಮನೆತನದ ಹೆಸರು ಕಡ್ಡಾಯ

ಕಾರ್ಡಿನ ಡ್ರಾಯರುಗಳನ್ನು ಗುಜರಿಯವನು ತೂಕಕ್ಕೆ ಹಾಕಿ ಒಯ್ದ ಮೇಲೆ
ಚಾಮರಾಜಪೇಟೆ ಸಂಜೆ ಕಾಲೇಜಿನ ಲೈಬ್ರರಿ ಗೋಡೆಯಲ್ಲಿ
ಉಳಿದದ್ದು ಅವುಗಳ ಬೆನ್ನಿನ ಅಳತೆಯ ಬಿಳುಪು.

ಜಬೀವುಲ್ಲಾ ಬಂದ. ಎಸ್.ಪಿ. ರಸ್ತೆಯ ಹಳೇ ಡಬ್ಬಕ್ಕೆ
ಹೊಸ ತಂತ್ರಾಂಶ ತುಂಬಿದ.
"ದುಡ್ಡಿಲ್ಲ ಮೇಡಂ. ಯಾರೊಬ್ಬರ ಸ್ವತ್ತೂ ಅಲ್ಲ.
ಒಳಗೇನಿದೆ ಅಂತ ಯಾರು ಬೇಕಾದರೂ ಬಿಚ್ಚಿ ನೋಡಬಹುದು."
ಬಿಟ್ಟಿ ಸಿಕ್ಕಿ, ಬಿಚ್ಚಿ ನೋಡಬಹುದಾದದ್ದು
ಅಲ್ಲಿಯವರೆಗೆ ನನಗೆ ಗೊತ್ತಿದ್ದದ್ದು ಪಕ್ಕದ ಕಾಂಪೌಂಡಿನ ಹಲಸು.
ಕೈಗೆ ಎಣ್ಣೆ ಸವರಿಕೊಂಡವಳಂತೆ ಕೂತೆ.

ಮೊದಲ ಪುಸ್ತಕ: ಕೆರೆ ತೂಬಿನ ಲೆಕ್ಕ. ಅರವತ್ತನಾಲ್ಕು ಪುಟ,
ಬಳೇಪೇಟೆಯಲ್ಲಿ ಅಚ್ಚು, ಬೆಲೆ ಹನ್ನೆರಡಾಣೆ.
ಬರೆದವರು ಗುಟ್ಟಹಳ್ಳಿ ಮುನಿತಾಯಮ್ಮ.
ಮನೆತನದ ಹೆಸರು? ಕೇಳಿತು ಪರದೆ.
ಖಾಲಿ ಬಿಟ್ಟೆ. ಕೆಂಪಗಾಯಿತು.
ಹೋಗಲಿ ಅಂತ ಗುಟ್ಟಹಳ್ಳಿ ಅಂದೆ, ಸುಮ್ಮನಾಯಿತು.
ಮಾರನೇ ದಿನ ಎಂ.ಎ. ಹುಡುಗಿ ಭ್ರಮರಾಂಬಳ ಅಡಿಟಿಪ್ಪಣಿಯಲ್ಲಿ
"ಗುಟ್ಟಹಳ್ಳಿ ಹೇಳುವಂತೆ" ಎಂದು ಬಂತು,
ಊರಿಗೇ ಬಾಯಿ ಬಂದ ಹಾಗೆ.
ಕೆರೆ ಅಳೆದಾಕೆ ಮಾತ್ರ ಬರೀ ಮು.
ಒಂದು ಚುಕ್ಕಿಗೆ ಒರಗಿಕೊಂಡು, ಹಿಂದೆ.

ಅಕಾರಾದಿಯೂ ಎಡವಟ್ಟು. ಳ ಬಂದು ವ-ಕಾರದ ಮುಂದೆ ಕೂತುಬಿಟ್ಟಿದೆ.
ನಮ್ಮ ನಿಘಂಟಿನಲ್ಲಿ ಕವಿ ಮೊದಲು, ಕಳ್ಳ ಆಮೇಲೆ.
ಇದರಲ್ಲಿ ಕಳ್ಳ ಮುಂದೆ, ಕವಿ ಅವನ ಬೆನ್ನಿಗೆ.

ಬರೆದೆ, ಕಟ್ಟಿದವರಿಗೆ. ಯಾವ ದೇಶವೋ,
ನಮ್ಮಲ್ಲಿ ಸಂಜೆ ಗಂಟೆ ಹೊಡೆಯುವಾಗ ಅವನಿಗೆ ಬೆಳಗಿನ ಕಾಫಿಯಂತೆ.
ಮೂರೇ ಸಾಲು ಉತ್ತರ: ಪರೀಕ್ಷಿಸಿ ನೋಡುವಿರಾ?
ಏನಾಗಬೇಕೆಂದು ನಿರೀಕ್ಷಿಸಿದ್ದಿರಿ, ಬರೆಯಿರಿ.
ಆದದ್ದೇನು, ಬರೆಯಿರಿ.
ಐವತ್ತಾರು ವರ್ಷ. ಇಷ್ಟು ಬಿಡಿಬಿಡಿಯಾಗಿ
ಯಾರೂ ನನ್ನನ್ನು ಕೇಳಿರಲಿಲ್ಲ.

ಆಮೇಲೆ ಕೆಡಿಸುವುದೇ ಕೆಲಸ.
ಲೋಟ ಒಡೆದು ಬೈಸಿಕೊಂಡ ಕೈ ಇದು,
ಇಲ್ಲಿ ಒಡೆದಷ್ಟೂ ಥ್ಯಾಂಕ್ಸ್ ಬರುತ್ತದೆ.
ಅರ್ಕಾವತ್ತು ಹಾಕಿದೆ, ಒಂದೇ ಅಕ್ಷರದ ಹೆಸರು ಹಾಕಿದೆ,
ಮೂರು ಸಾಲಿಗೆ ಹರಿಯುವ ಬಿರುದುಬಾವಲಿ ಸಮೇತ ಒಬ್ಬ ಸ್ವಾಮಿಗಳನ್ನು ಹಾಕಿದೆ.
ತಂತ್ರಾಂಶ ದೊಪ್ಪನೆ ಬಿದ್ದಾಗಲೆಲ್ಲ ವಾಚ್‌ಮನ್ ಗಂಗಹನುಮಯ್ಯ
"ಹೋಯ್ತಾ ಅಮ್ಮಾ?" ಅನ್ನುತ್ತಿದ್ದ, ಕರೆಂಟಿನ ಲೆಕ್ಕದಲ್ಲಿ.

ಹೆಸರು ಸಾಲದೆ ಬಂದ ಒಂದು ಸಂಜೆ ನನ್ನದನ್ನೇ ಹಾಕಿದೆ.
ಕಾಲೇಜು ಪತ್ರಿಕೆಯಲ್ಲಿ ಬಂದ ಎರಡು ಲೇಖನ.
ಮದುವೆಗೆ ಮುಂಚಿನದು ಚೌ. ಪಂಕಜಾಕ್ಷಿ,
ಆಮೇಲಿನದು ಹ. ಪಂಕಜಾಕ್ಷಿ.
ಎರಡನ್ನೂ ಅಕ್ಕಪಕ್ಕ ಇಟ್ಟು ಅದು ಕೇಳಿತು:
ಇವರಿಬ್ಬರೂ ಒಬ್ಬರೇ ಇರಬಹುದು. ಕೂಡಿಸಲೇ?

ಫ್ಯಾನು ತಿರುಗುತ್ತಿತ್ತು. ಮೈಸೂರು ರಸ್ತೆಯ ಕಡೆ ಬಸ್ಸುಗಳು
ಸಿಗ್ನಲ್ಲಿಗೆ ಕಾದು ಗುರುಗುಟ್ಟುತ್ತಿದ್ದವು.
ಬಾಣದ ಗುರುತು ಗುಂಡಿಯ ಮೇಲೇ ನಿಂತಿತ್ತು.
ನಿರೀಕ್ಷಿಸಿದ್ದು: ಕೇಳಬಾರದಿತ್ತು.
ಆದದ್ದು: ಕೇಳಿತು.
ದೋಷವೆಂದು ಬರೆಯಲಾರದೆ, ಸರಿಯೆಂದು ಒಪ್ಪಲೂ ಆಗದೆ
ಕಂಪ್ಯೂಟರನ್ನು ಮಲಗಿಸಿ ಬೀಗ ಹಾಕಿದೆ.

ಆಷಾಢ ಕಳೆಯುವ ಹೊತ್ತಿಗೆ ಹೊಸ ಆವೃತ್ತಿ ಬಂತು.
ಮನೆತನದ ಖಾನೆ ಈಗ ಖಾಲಿ ಬಿಟ್ಟರೂ ಕೆಂಪಾಗುವುದಿಲ್ಲ.
ಮುನಿತಾಯಮ್ಮ ಪೂರ್ತಿ ಹೆಸರಲ್ಲಿ ನಿಂತರು,
ತೂಬಿನ ಕಲ್ಲಿಗೆ ಕಾಲು ಕೊಟ್ಟು ನೀರಿನ ಲೆಕ್ಕ ಹೇಳುವವರ ಹಾಗೆ.
ಬದಲಾವಣೆಗಳ ಪಟ್ಟಿಯ ಕೆಳಗೆ ಪರೀಕ್ಷಿಸಿದವರ ಸಾಲು.
ಅದರಲ್ಲಿ ನಾನೂ, ಇನಿಷಿಯಲ್ ಇಲ್ಲದೆ:
ಪಂಕಜಾಕ್ಷಿ, ಬೆಂಗಳೂರು.

ಕವಿ ಮಾತ್ರ ಇನ್ನೂ ಕಳ್ಳನ ಹಿಂದೆಯೇ.
ಮುಂದಿನ ಸಲ ನೋಡೋಣ ಅಂದಿದ್ದಾರೆ.