ಮೊಳೆಯ ಮೇಲಿನ ಬೀಗದಕೈ

ಸ್ಕಾಟ್ಲೆಂಡು ಮುಗಿದ ಮೇಲೂ ದೋಣಿಯಲ್ಲಿ ಎರಡು ಗಂಟೆ.
ವಾರಕ್ಕೆ ಮೂರು ಸಲ ಬರುತ್ತದೆ, ಭಾನುವಾರ ಖಂಡಿತ ಇಲ್ಲ.
ಇಳಿದವಳು ನಾನೊಬ್ಬಳು, ಜೊತೆಗೆ
ಒಂದು ವಾಷಿಂಗ್ ಮಷೀನು, ಎರಡು ಟಗರು.
ಟಗರುಗಳನ್ನು ಎದುರುಗೊಳ್ಳಲು ಜನ ಬಂದಿದ್ದರು.

ಇಗರ್ಜಿ ನೋಡಬೇಕಾದರೆ ಮರ್ಡೀನಾಳನ್ನು ಕೇಳಿ,
ಅಂದ, ಹಗ್ಗ ಸುತ್ತುತ್ತಿದ್ದವನು, ತಲೆಯೆತ್ತದೆ.

ಕೆಂಪು ತಗಡಿನ ಸೂರು. ಅಂಚೆ ಕಚೇರಿಯೂ ಅದೇ.
ಎಂಬತ್ತು ದಾಟಿದ ಮುದುಕಿ ಬಾಗಿಲು ತೆರೆದು
ಮೊದಲು ನೋಡಿದ್ದು ನನ್ನ ಬೂಟು,
ಆಮೇಲೆ ಮುಗಿಲು, ಕೊನೆಗೆ ನನ್ನ ಮುಖ.
ಮೊಳೆಯಿಂದ ಇಳಿಸಿಕೊಟ್ಟಳು ಬೀಗದಕೈ:
ಗೇಣುದ್ದದ ಕಬ್ಬಿಣ,
ಆಗಷ್ಟೇ ನೀರಿಂದೆತ್ತಿದ ಮೀನಿನಷ್ಟು ತಣ್ಣಗೆ.
"ಮರಳಿ ತರಬೇಕು. ನೀನೇ.
ಬೇರೆಯವರ ಕೈಲಿ ಕಳಿಸಬಾರದು."

ಎರಡು ಮೈಲಿ. ದಾರಿ ಎಂಬುದು
ಕುರಿಗಳ ಅಭಿಪ್ರಾಯ ಅಷ್ಟೆ.
ಅಲುಗಿಸಲು ಮರಗಳಿಲ್ಲದ ಗಾಳಿ
ನನ್ನನ್ನೇ ಅಲುಗಿಸಿತು.
ಎಡಕ್ಕೆ ಕಪ್ಪು ಜೌಗು, ಒಲೆಗೆಂದು
ಇಟ್ಟಿಗೆ ಇಟ್ಟಿಗೆಯಾಗಿ ಕೊಯ್ದು ಒರಗಿಸಿಟ್ಟ ಮಣ್ಣು;
ಬಲಕ್ಕೆ ಸಮುದ್ರ,
ಏನೂ ಗೊತ್ತಿಲ್ಲದವರ ಹಾಗೆ.

ಐನೂರು ವರ್ಷದ ಗೋಡೆ. ನಡುವೆ ನೂರು ವರ್ಷ
ಸೂರಿಲ್ಲದೆ ಕುರಿದೊಡ್ಡಿಯಾಗಿತ್ತಂತೆ.
ಬಾಗಿಲ ಮುಂದೆ ನಿಂತು ಬೀಗದಕೈ ಎತ್ತಿದೆ.
ಬೀಗ ಎಲ್ಲಿ?
ಇರಬೇಕಾದಲ್ಲಿ ಒಂದು ತೂತು,
ತೂತಿಗೆ ಯಾವುದೋ ಹಕ್ಕಿ ತುರುಕಿದ ಉಣ್ಣೆ.
ಮೊಣಕಾಲಿಂದ ತಳ್ಳಿದೆ. ತೆರೆಯಿತು.

ಒಳಗೆ ಗಾಳಿಯಿಲ್ಲ. ಇದ್ದಕ್ಕಿದ್ದಂತೆ ಇಲ್ಲ.
ಕಿವಿ ಮುಟ್ಟಿ ನೋಡಿಕೊಂಡೆ.

ಗೋಡೆಯ ಗೂಡಿನಲ್ಲಿ ಕಲ್ಲಾಗಿ ಮಲಗಿದ್ದ ಹಳೆಯ ನಾಯಕ,
ಎದೆಯ ಮೇಲೆ ಕತ್ತಿ, ಕಾಲ ಬಳಿ ನಾಯಿ.
ಅವನ ಮುಖಕ್ಕೆ ಪಾಚಿ.
ನಾಯಿಯ ತಲೆ ಮಾತ್ರ ನುಣ್ಣಗೆ ಮಿರಮಿರ,
ಎಷ್ಟು ತಲೆಮಾರಿನ ಮಕ್ಕಳು ಸವರಿದ್ದವೋ.
ನಾನೂ ಸವರಿದೆ.

ಮೂರನೆಯ ಬೆಂಚಿನಲ್ಲಿ ಚಾಕುವಿನ ಗೀರು:
ನಾಲ್ಕು ನೆಟ್ಟಗೆ, ಒಂದು ಅಡ್ಡ,
ಮತ್ತೆ ನಾಲ್ಕು ನೆಟ್ಟಗೆ, ಒಂದು ಅಡ್ಡ,
ಸೆರೆಯಲ್ಲಿರುವವರು ದಿನ ಎಣಿಸುವ ಹಾಗೆ.

ಉತ್ತರದ ಗೋಡೆಗೊಂದು ಹಲಗೆ. ಹನ್ನೊಂದು ಹೆಸರು.
ಟಾರ್ಕ್ವಿಲ್, ಫಿನ್ಲೆ, ಇನ್ನೊಬ್ಬ ಟಾರ್ಕ್ವಿಲ್, ಗಿಲ್‌ಬ್ರೈಡ್...
ಎಲ್ಲರಿಗೂ ಒಂದೇ ತಾರೀಕು, ಸಾವಿರದ ಒಂಬೈನೂರ ಅರವತ್ತೊಂದು.
ಅಡಿಯಲ್ಲಿ ಗೇಲಿಕ್ ಭಾಷೆಯ ಒಂದು ಸಾಲು.
ಓದಲು ಬಾರದು. ಬೆರಳಿಟ್ಟು ಸವರುತ್ತ ಹೋದೆ.
ಕೊರೆದವನ ಉಳಿ ಒಂದು ಕಡೆ ಜಾರಿತ್ತು,
ಅದೊಂದು ಅರ್ಥವಾಯಿತು.

ಹಿಂದಿರುಗುವಾಗ ಮಂಜು. ಮುಂದೆ ಚಾಚಿದ ಕೈ
ಮೊಣಕೈಗೇ ಮುಗಿಯುವಷ್ಟು.
ಜೇಬಿನ ಕಬ್ಬಿಣ ತೊಡೆಗೆ ಬಡಿಯುತ್ತ
ಹೆಜ್ಜೆ ಹೆಜ್ಜೆಗೂ ನೆನಪಿಸುತ್ತಿತ್ತು,
ಸಾಲ ಕೊಟ್ಟವರ ಹಾಗೆ.

ಮರ್ಡೀನಾ ಕಿಟಕಿಯಲ್ಲೇ ಇದ್ದಳು, ದೀಪ ಹಚ್ಚಿ.
"ಬೀಗವೇ ಇಲ್ಲವಲ್ಲ!"
"ಅರವತ್ತೊಂದರ ಬಿರುಗಾಳಿ ಕಿತ್ತುಕೊಂಡು ಹೋಯಿತು.
ನನ್ನ ಮದುವೆಯಾಗಿ ಆರು ವಾರ."
ಚಹಾ ಬಗ್ಗಿಸಿದಳು. ತಟ್ಟೆಯ ಅಂಚಿಗೆ
ಒಂದು ಬಿಳಿ ಪೆಪ್ಪರ್‌ಮಿಂಟು.

ಆ ಗೀರುಗಳು?
"ಅಪ್ಪನವು. ಪ್ರವಚನ ಒಂದು ಗಂಟೆ ದಾಟಿದ ಭಾನುವಾರಗಳು.
ಅವನ ಲೆಕ್ಕದಲ್ಲಿ ಗಂಟೆ ಅಂದರೆ ಮೂರು ಪೆಪ್ಪರ್‌ಮಿಂಟು,
ಅಗಿಯದೆ ಚೀಪಿದರೆ."
ನಕ್ಕಳು. ಹಲ್ಲು ಎರಡೇ ಇದ್ದವು.

ಮತ್ತೆ ಈ ಬೀಗದಕೈ?
"ಒಬ್ಬ ಬಂದಿದ್ದ, ಹಕ್ಕಿ ನೋಡುವವನು.
ದೋಣಿ ಹತ್ತಿದ ಅಂದುಕೊಂಡೆವು ನಾವು,
ಇಲ್ಲೇ ಉಳಿದ ಅಂದುಕೊಂಡರು ದೋಣಿಯವರು.
ಮೂರನೆಯ ದಿನ ನಾಯಿ ಹುಡುಕಿತು, ಜೌಗಿನಲ್ಲಿ.
ಆವತ್ತಿಂದ ಕೊಡುತ್ತೇನೆ.
ಮೊಳೆ ಖಾಲಿಯಿದ್ದರೆ ಯಾರೋ ಹೊರಗಿದ್ದಾರೆ,
ಅಷ್ಟೇ."

ಎದ್ದು ಬೀಗದಕೈ ಮೊಳೆಗೆ ಸಿಕ್ಕಿಸಿದಳು.
ಕನ್ನಡಕ ಹುಡುಕಿ, ಅಂಚೆಯ ಹಳೆ ಪುಸ್ತಕ ತೆರೆದು
ಗೆರೆ ಎಳೆದ ಎರಡು ಪಟ್ಟಿಗಳ ನಡುವೆ ಪೆನ್ಸಿಲು ಹಿಡಿದಳು.
ಹೋದವರು: ಒಂದು.
ನನ್ನ ಕಡೆ ತಿರುಗಿ, ಕೆಸರು ಮೆತ್ತಿದ ಬೂಟನ್ನು
ಇನ್ನೊಮ್ಮೆ ಚೆನ್ನಾಗಿ ನೋಡಿದಳು.
ಬಂದವರು: ಒಂದು.

"ಕುಡಿ, ಆರಿಹೋಗುತ್ತದೆ."